ಒಂದೇ ತರಗತಿ, ಹಲವು ವಯಸ್ಸು

(ದತ್ತಿ ಉಪನ್ಯಾಸದ ಲಿಖಿತ ರೂಪ)



ನಮ್ಮ ಯಾವುದೇ ಊರಿನ ಎಂಟನೇ ತರಗತಿಯ ಮಕ್ಕಳನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನೋಡಿ. ಹಾಜರಿ ಪುಸ್ತಕದ ಪ್ರಕಾರ ಅವರೆಲ್ಲರಿಗೂ ಹದಿಮೂರು, ಹೆಚ್ಚೆಂದರೆ ಹದಿನಾಲ್ಕು. ಸಾಲಿನ ಕೊನೆಯಲ್ಲಿ ಮೇಷ್ಟ್ರ ಭುಜಕ್ಕೆ ಬರುವ, ಮೀಸೆ ಚಿಗುರಿದ ಹುಡುಗ ನಿಂತಿರುತ್ತಾನೆ. ಅವನದೇ ವಯಸ್ಸಿನ ಗೆಳೆಯ ಸಾಲಿನ ತಲೆಯಲ್ಲಿ, ಇನ್ನೂ ಐದನೇ ತರಗತಿಯವನ ಹಾಗೆ. ಹುಡುಗಿಯರಲ್ಲಿ ಒಬ್ಬಳು ಮೈನೆರೆದು ಎರಡು ವರ್ಷವಾಗಿದೆ, ಅವಳ ಪಕ್ಕದವಳಿಗೆ ಇನ್ನೂ ಒಂದು ವರ್ಷ ಬೇಕಾಗಬಹುದು. ಹುಟ್ಟಿದ ವರ್ಷ ಒಂದೇ. ಎಲುಬು ನೋಡಿ ವಯಸ್ಸು ಹೇಳಿದರೆ ಮೂರು ನಾಲ್ಕು ವರ್ಷದ ಅಂತರ ಸಿಕ್ಕೀತು. ಇವತ್ತಿನ ನನ್ನ ಮಾತೆಲ್ಲ ಈ ಅಂತರದ ಬಗ್ಗೆಯೇ. ಮಕ್ಕಳ ದೇಹಕ್ಕೂ ಮನಸ್ಸಿಗೂ ಅವುಗಳದೇ ವೇಳಾಪಟ್ಟಿ ಇದೆ. ದೊಡ್ಡವರಾದ ನಾವು ಮನೆ, ಶಾಲೆ, ಪರೀಕ್ಷೆ, ಮದುವೆಗಳಿಗೆಂದು ಹಾಕಿಟ್ಟಿರುವ ವೇಳಾಪಟ್ಟಿಗೆ ಅದು ಹೊಂದಿಕೊಳ್ಳುವುದಿಲ್ಲ. ಹೊಂದದೆ ಹೋದಾಗ ನೋವು ಉಣ್ಣುವವರು ಮಕ್ಕಳು.

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯ ಎನ್ನುತ್ತದೆ. 2011ರ ಜನಗಣತಿಯಲ್ಲಿ ಭಾರತದಲ್ಲಿ ಈ ವಯಸ್ಸಿನವರು ಸುಮಾರು 25 ಕೋಟಿ ಇದ್ದರು. ಸಂಖ್ಯೆ ಅಷ್ಟೇ ಸಾಕು, ದೇಹದ ಕಡೆಗೆ ಬರೋಣ.

ಪ್ರಾಯ ಶುರುವಾಗುವುದು ಮಿದುಳಿನಲ್ಲಿ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗ ಬಿಟ್ಟುಬಿಟ್ಟು ಒಂದು ಹಾರ್ಮೋನನ್ನು ಸುರಿಸುತ್ತದೆ. ಅದು ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನೋ ವೃಷಣವನ್ನೋ ಎಬ್ಬಿಸುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳು ಈ ಏರ್ಪಾಡು ಕೆಲಸ ಮಾಡಿ, ಆಮೇಲೆ ವರ್ಷಗಟ್ಟಲೆ ಸುಮ್ಮನಿರುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗಿನ ವಿಷಯ. ಅದು ಮತ್ತೆ ಎಚ್ಚರಗೊಳ್ಳುವಾಗ ಮೊದಮೊದಲು ಮಗು ನಿದ್ದೆಯಲ್ಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ತಾಯಿಗೆ ಯಾವ ಬದಲಾವಣೆಯೂ ಕಾಣುವ ಮೊದಲೇ, ಎಷ್ಟೋ ರಾತ್ರಿಗಳಿಂದ ಮಗುವಿನ ರಕ್ತದಲ್ಲಿ ಈ ಹಾರ್ಮೋನುಗಳು ಏರಿ ಇಳಿಯುತ್ತಿರುತ್ತವೆ. ಇದನ್ನು ನೆನಪಿಡಿ, ನಿದ್ದೆಯ ಮಾತು ಮುಂದೆ ಮತ್ತೆ ಬರುತ್ತದೆ.

ಮಕ್ಕಳ ಎತ್ತರ ಹೇಗೆ ಏರುತ್ತದೆ ಎಂಬುದರ ಮೊದಲ ದೀರ್ಘ ದಾಖಲೆ ಸಿಕ್ಕಿದ್ದು ಒಬ್ಬ ತಂದೆಯಿಂದ. ಫ್ರಾನ್ಸಿನ ಮೊಂಬೆಯಾರ್ ಎಂಬಾತ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಅಳೆದು ಬರೆದಿಟ್ಟ. ನಿಸರ್ಗ ವಿಜ್ಞಾನಿ ಬ್ಯುಫಾನ್ ಅದನ್ನು ಪ್ರಕಟಿಸಿದ. ಶೈಶವದಲ್ಲಿ ಭರದಿಂದ ಸಾಗಿ, ವರ್ಷವರ್ಷಕ್ಕೆ ನಿಧಾನವಾಗುತ್ತ ಬಂದ ಬೆಳವಣಿಗೆ ಹದಿನಾಲ್ಕರ ಸುಮಾರಿಗೆ ಮತ್ತೆ ಒಮ್ಮೆಲೆ ಜಿಗಿದದ್ದು ಆ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಜಿಗಿತದ ಉತ್ತುಂಗದಲ್ಲಿ ಹುಡುಗರು ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್, ಹುಡುಗಿಯರು ಸುಮಾರು ಎಂಟು ಸೆಂಟಿಮೀಟರ್ ಬೆಳೆಯುತ್ತಾರೆ. ಹುಡುಗಿಯರಿಗೆ ಅದು ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಅದಕ್ಕೇ ಏಳನೇ ತರಗತಿಯ ಗುಂಪು ಫೋಟೋದಲ್ಲಿ ಹುಡುಗಿಯರು ಎತ್ತರ.

ಬೆಳವಣಿಗೆ ಮೈಯೆಲ್ಲಕ್ಕೂ ಒಟ್ಟಿಗೆ ಬರುವುದಿಲ್ಲ. ಮೊದಲು ಪಾದ ಮತ್ತು ಅಂಗೈ, ಆಮೇಲೆ ಕಾಲು ಕೈ, ಕೊನೆಗೆ ಮುಂಡ. ಜೂನ್ ತಿಂಗಳಲ್ಲಿ ಕೊಂಡ ಶೂ ದಸರಾ ರಜೆಗೆ ಮೊದಲೇ ಬಿಗಿಯಾಯಿತೆಂದು ಅಪ್ಪ ರೇಗುತ್ತಾರೆ. ಆ ಬಿಗಿ ಶೂ ಬರಲಿರುವ ಜಿಗಿತದ ಮುನ್ಸೂಚನೆ. ಉದ್ದವಾದ ಕೈಕಾಲು ಮಿದುಳಿಗೆ ಇನ್ನೂ ರೂಢಿಯಾಗಿಲ್ಲದ ಈ ಕಾಲದಲ್ಲಿ ಮಗುವಿನ ಕೈಯಿಂದ ಲೋಟ ಬೀಳುತ್ತದೆ, ನಡೆಯುವಾಗ ಕಾಲು ಬಾಗಿಲಿಗೆ ತಾಗುತ್ತದೆ. ‘ಮೈಮೇಲೆ ಎಚ್ಚರವೇ ಇಲ್ಲ’ ಎಂದು ನಾವು ಬೈಯುತ್ತೇವೆ. ಮೈ ಬದಲಾಗುತ್ತಿರುವ ಎಚ್ಚರ ಆ ಮಗುವಿಗೆ ಇರುವಷ್ಟು ಮನೆಯಲ್ಲಿ ಇನ್ಯಾರಿಗೂ ಇರುವುದಿಲ್ಲ.

ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಹಾರ್ಪೆಂಡೆನ್‌ನ ಮಕ್ಕಳ ನಿಲಯವೊಂದರಲ್ಲಿ ವರ್ಷಗಟ್ಟಲೆ ಅದೇ ಮಕ್ಕಳನ್ನು ಅಳೆದು, ಪ್ರಾಯದ ಹಂತಗಳನ್ನು ಗುರುತಿಸಿದರು. ಸಹೋದ್ಯೋಗಿ ಮಾರ್ಷಲ್ ಜೊತೆ ಅವರು 1969ರಲ್ಲಿ ಹುಡುಗಿಯರ ಬಗ್ಗೆ, 1970ರಲ್ಲಿ ಹುಡುಗರ ಬಗ್ಗೆ ಬರೆದ ಪ್ರಬಂಧಗಳ ಐದು ಹಂತಗಳನ್ನೇ ಇಂದಿಗೂ ಜಗತ್ತಿನ ಮಕ್ಕಳ ವೈದ್ಯರು ಬಳಸುತ್ತಾರೆ. ಹಂತಗಳ ಕ್ರಮ ಬಹುಮಟ್ಟಿಗೆ ಒಂದೇ, ಅವು ಬರುವ ವಯಸ್ಸು ಮಾತ್ರ ಮಗುವಿನಿಂದ ಮಗುವಿಗೆ ನಾಲ್ಕೈದು ವರ್ಷ ಹಿಂದುಮುಂದಾಗುತ್ತದೆ. ಅಷ್ಟು ಹಿಂದುಮುಂದಾಗುವುದೂ ಆರೋಗ್ಯವೇ. ಈ ಒಂದು ಮಾತನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬೇಕೆಂದು ನನಗೆ ಅನ್ನಿಸುತ್ತದೆ.

ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ಹೇಳುವ ಕ್ರಮವೂ ಟ್ಯಾನರ್ ಮತ್ತು ವೈಟ್‌ಹೌಸ್ ಅವರ ಹೆಸರಿನಲ್ಲಿದೆ. ಹದಿನಾರು ವರ್ಷದೊಳಗಿನ ಕ್ರಿಕೆಟ್ ತಂಡಗಳಿಗೆ ಹುಡುಗರನ್ನು ಆರಿಸುವಾಗ ಬಿಸಿಸಿಐ ಮಾಡಿಸುವುದು ಇದೇ ಪರೀಕ್ಷೆ. ಆದರೆ ಎಲುಬು ಹೇಳುವುದು ದೇಹ ಎಷ್ಟು ದೂರ ಬಂದಿದೆ ಎಂಬುದನ್ನು, ಹುಟ್ಟಿದ ದಿನಾಂಕವನ್ನಲ್ಲ. ಇಂಥ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಈ ಸೂಕ್ಷ್ಮವನ್ನು ಯಾರು ನೋಡುತ್ತಾರೆ? ಹದಿಮೂರಕ್ಕೇ ಗಟ್ಟಿಯಾದ ಹುಡುಗ ಕಬಡ್ಡಿ ತಂಡಕ್ಕೆ ಆಯ್ಕೆಯಾಗುತ್ತಾನೆ. ಕಾಲಿನಲ್ಲಿ ಚುರುಕಿರುವ ಸಣ್ಣವನು ಅಂಗಳದ ಹೊರಗೆ ಉಳಿಯುತ್ತಾನೆ. ಹದಿನಾರಕ್ಕೆ ಅವನೂ ಅಷ್ಟೇ ಬೆಳೆದಿರುತ್ತಾನೆ, ಆದರೆ ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ದೈಹಿಕ ಶಿಕ್ಷಕರು ಇಲ್ಲಿದ್ದರೆ ಅವರಲ್ಲಿ ನನ್ನ ಬೇಡಿಕೆ ಒಂದೇ: ತಡವಾಗಿ ಬೆಳೆಯುವ ಹುಡುಗನನ್ನು ಹದಿನಾರರವರೆಗೆ ಆಟದಲ್ಲಿ ಉಳಿಸಿಕೊಳ್ಳಿ.

ಎಲುಬಿನ ತುದಿಯ ಬೆಳವಣಿಗೆಯ ಪಟ್ಟಿಗಳನ್ನು ಮುಚ್ಚಿ ಎತ್ತರವನ್ನು ನಿಲ್ಲಿಸುವುದು ಈಸ್ಟ್ರೋಜನ್ ಎಂಬ ಹಾರ್ಮೋನು, ಹುಡುಗರಲ್ಲೂ ಅದೇ. ಇದು ಖಚಿತವಾದದ್ದು 1994ರಲ್ಲಿ. ಈಸ್ಟ್ರೋಜನ್ನಿಗೆ ದೇಹ ಸ್ಪಂದಿಸದ ಇಪ್ಪತ್ತೆಂಟು ವರ್ಷದ ಗಂಡಸೊಬ್ಬರನ್ನು ಅಮೆರಿಕದ ವೈದ್ಯರು ವರದಿ ಮಾಡಿದರು. ಅವರ ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದರು. ಎತ್ತರ ಹೆಚ್ಚಿಸುತ್ತೇವೆಂದು ಡಬ್ಬಿಗಟ್ಟಲೆ ಪುಡಿ ಮಾರುವವರ ಜಾಹೀರಾತು ನಂಬಿ ದುಡ್ಡು ಸುರಿಯುವ ತಾಯಂದಿರಿಗೆ ನಾನು ಹೇಳುವುದು ಇಷ್ಟೆ. ಮುಚ್ಚಿದ ಪಟ್ಟಿಯನ್ನು ಯಾವ ಪುಡಿಯೂ ತೆರೆಯಲಾರದು. ತೆರೆದಿರುವಾಗ ಬೇಕಾದದ್ದು ರಾಗಿ, ಬೇಳೆ, ಹಾಲು, ಮೊಟ್ಟೆ, ಆಟ, ನಿದ್ದೆ. ದೊಡ್ಡವರಾದಾಗ ನಮ್ಮ ಮೈಯಲ್ಲಿರುವ ಎಲುಬಿನ ಖನಿಜದಲ್ಲಿ ಸುಮಾರು ಕಾಲು ಭಾಗ ಸೇರುವುದು ಜಿಗಿತದ ಆಸುಪಾಸಿನ ಎರಡೇ ವರ್ಷಗಳಲ್ಲಿ. ಶಾಲೆಯ ಕ್ಷೀರಭಾಗ್ಯದ ಹಾಲನ್ನೂ ಮೊಟ್ಟೆಯನ್ನೂ ಈ ಕಣ್ಣಿನಿಂದ ನೋಡಬೇಕು. ಐವತ್ತು ವರ್ಷ ಕಳೆದು ಅಜ್ಜಿಯಾಗುವವಳ ಸೊಂಟದ ಎಲುಬಿನ ಗಟ್ಟಿತನ ಇವತ್ತಿನ ಬಿಸಿಯೂಟದ ತಟ್ಟೆಯಲ್ಲಿದೆ.

ಇನ್ನು ಮೈನೆರೆಯುವ ವಿಚಾರ. ಹುಡುಗಿ ಮೊದಲ ಸಲ ಮುಟ್ಟಾಗುವುದು ಜಿಗಿತ ಇಳಿಮುಖವಾದ ಮೇಲೆ. ಆಮೇಲೂ ಅವಳು ಐದಾರು ಸೆಂಟಿಮೀಟರ್ ಬೆಳೆಯುತ್ತಾಳೆ. ಎತ್ತರ ನಿಂತ ಮೇಲೂ ಹೆರಿಗೆಯ ದಾರಿಯ ಎಲುಬುಗಳು ಅಗಲವಾಗುತ್ತಲೇ ಇರುತ್ತವೆ. ಅಂದರೆ ಮುಟ್ಟು ಶುರುವಾದದ್ದು ಬೆಳವಣಿಗೆ ಮುಗಿದದ್ದರ ಗುರುತಲ್ಲ. ನಮ್ಮ ಸಮಾಜ ಮಾತ್ರ ಅದನ್ನು ಹಾಗೆಯೇ ಓದಿಕೊಂಡು ಬಂದಿದೆ. ಹಸೆಯ ಮೇಲೆ ಕೂರಿಸಿ ಆರತಿ ಎತ್ತಿದ ಮಾರನೆಯ ದಿನದಿಂದಲೇ ಸಂಬಂಧದ ಮಾತು ಕೇಳಿಬರುವ ಮನೆಗಳು ಇನ್ನೂ ಇವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ನಮ್ಮ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿದೆ. ಆ ಕಾನೂನಿಗೆ ಬಲ ಬರಬೇಕಾದರೆ ಇಲ್ಲಿರುವ ಹಿರಿಯರು ಮದುವೆ ಊಟಕ್ಕೆ ಕರೆದಾಗ ಹುಡುಗಿಯ ವಯಸ್ಸು ಕೇಳಬೇಕು.

ಆರತಿಯ ಪದ್ಧತಿಯನ್ನು ನಾನು ಪೂರ್ತಿ ತೆಗಳಲಾರೆ. ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ, ತುಪ್ಪ ಹಾಕಿದ ಮೆಂತ್ಯದ ಹಿಟ್ಟು ಕೊಟ್ಟು ನಾಲ್ಕು ದಿನ ಹುಡುಗಿಯನ್ನು ಕೂರಿಸಿ ಉಪಚರಿಸಿದ ಅಜ್ಜಿಯರಿಗೆ ಬೆಳೆಯುವ ಮೈಯ ಹಸಿವು ಗೊತ್ತಿತ್ತು. ಆದರೆ ಮೂಲೆಯಲ್ಲಿ ಕೂರಿಸುವುದು, ಪ್ರತಿ ತಿಂಗಳೂ ಹೊರಗಿಡುವುದು, ಊರಿನಾಚೆಯ ಗುಡಿಸಲಿಗೆ ಕಳಿಸುವುದು ಅದೇ ಪದ್ಧತಿಯ ಇನ್ನೊಂದು ಮುಖ. ಅದನ್ನು ಉಳಿಸಿಕೊಳ್ಳಲು ಒಂದೇ ಒಂದು ಕಾರಣವೂ ಇಲ್ಲ. ಇವೆರಡಕ್ಕಿಂತಲೂ ನನ್ನನ್ನು ಕಾಡುವುದು ಮುಂಚಿತವಾಗಿ ಯಾರೂ ಹೇಳದೆ ಇರುವುದು. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲ ಮುಟ್ಟಿಗೆ ಮೊದಲು ಅದರ ಬಗ್ಗೆ ತಿಳಿದಿದ್ದ ಹುಡುಗಿಯರು ಅರ್ಧದಷ್ಟು ಮಾತ್ರ. ಉಳಿದರ್ಧ ಮಂದಿ ಬಟ್ಟೆಯ ಮೇಲೆ ರಕ್ತ ನೋಡಿ ತಮಗೇನೋ ಗಾಯವಾಗಿದೆ, ಕಾಯಿಲೆ ಬಂದಿದೆ ಎಂದು ಹೆದರಿದವರು. ಹತ್ತನೇ ವಯಸ್ಸಿಗೆ ತಾಯಿ ಒಂದು ಸಂಜೆ ಕೂತು ಹೇಳಿದ್ದರೆ ಆ ಹೆದರಿಕೆ ಇರುತ್ತಿರಲಿಲ್ಲ.

ಮುಟ್ಟಿನ ಜೊತೆಗೇ ರಕ್ತಹೀನತೆ ಬರುತ್ತದೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59, ಹುಡುಗರಲ್ಲಿ ನೂರಕ್ಕೆ 31 ಮಂದಿಗೆ ರಕ್ತಹೀನತೆ ಇತ್ತು. ಓದಿನಲ್ಲಿ ಮನಸ್ಸಿಲ್ಲ, ಸೋಮಾರಿ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಇರುವ ಕೊರತೆ ಕಬ್ಬಿಣದ್ದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದ ಎಸೆಯುತ್ತಾರೆ, ಏಕೆಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಮಕ್ಕಳೇ, ಬಿಸಿಯೂಟ ಮುಗಿದ ಮೇಲೆ ನುಂಗಿ. ಕಪ್ಪಾಗುವುದು ಸಹಜ, ಹೆದರಬೇಡಿ. ಆ ಹೊತ್ತಿನಲ್ಲಿ ಚಹಾ ಬೇಡ. ನಿಂಬೆಹಣ್ಣೋ ನೆಲ್ಲಿಕಾಯಿಯೋ ಸಿಕ್ಕರೆ ತಿನ್ನಿ.

ಹುಡುಗರಿಗೆ ಆರತಿಯೂ ಇಲ್ಲ, ಮಾತೂ ಇಲ್ಲ. ಧ್ವನಿ ಒಡೆಯುತ್ತದೆ, ಪದ್ಯ ಹೇಳಲು ನಿಲ್ಲಿಸಿದರೆ ತರಗತಿಯೆಲ್ಲ ನಗುತ್ತದೆ, ಅವನು ಮುಂದೆ ಬಾಯಿಯೇ ತೆರೆಯುವುದಿಲ್ಲ. ಪಿ.ಟಿ. ಪೀರಿಯಡ್ಡಿಗೆ ಹೊಟ್ಟೆನೋವೆಂದು ಕುಂಟುನೆಪ ಹೇಳುತ್ತಿದ್ದ ಹುಡುಗನೊಬ್ಬನನ್ನು ನನ್ನ ಬಳಿ ಕರೆತಂದಿದ್ದರು. ಅಪ್ಪನನ್ನು ಹೊರಗೆ ಕೂರಿಸಿ ಕೇಳಿದಾಗ, ಬಹಳ ಹೊತ್ತು ಸುಮ್ಮನಿದ್ದು ಅಂಗಿ ಬಿಚ್ಚಿ ತೋರಿಸಿದ. ಎದೆ ಸ್ವಲ್ಪ ಉಬ್ಬಿತ್ತು, ಮುಟ್ಟಿದರೆ ನೋವು. ತಾನು ಹೆಣ್ಣಾಗುತ್ತಿದ್ದೇನೆ ಎಂದು ಆ ಮಗು ತಿಂಗಳುಗಟ್ಟಲೆ ಒಬ್ಬನೇ ಹೆದರಿ ನವೆದಿತ್ತು. ಪ್ರಾಯಕ್ಕೆ ಬರುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ವಲ್ಪ ಕಾಲ ಹೀಗಾಗುತ್ತದೆ. ಬಹುತೇಕರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಇಳಿದುಹೋಗುತ್ತದೆ. ಈ ಎರಡು ವಾಕ್ಯ ನಮ್ಮ ಯಾವ ಅಪ್ಪನೂ ಮಗನಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಸ್ವಪ್ನಸ್ಖಲನದ ವಿಚಾರವೂ ಹಾಗೆಯೇ. ನಿದ್ದೆಯಲ್ಲಿ ವೀರ್ಯ ಹೋಗುವುದು ಬೆಳವಣಿಗೆಯ ಸಹಜ ಭಾಗ, ಅದರಿಂದ ಶಕ್ತಿ ಸೋರುವುದಿಲ್ಲ, ನೆನಪು ಕುಂದುವುದಿಲ್ಲ. ನಮ್ಮ ದೇಶದಲ್ಲಿ ಈ ಭಯ ಎಷ್ಟು ಆಳವಾಗಿದೆಯೆಂದರೆ, ಮನೋವೈದ್ಯ ಎನ್.ಎನ್. ವಿಗ್ 1960ರ ದಶಕದಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಡಬೇಕಾಯಿತು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತುಗಳು ಬದುಕಿರುವುದು ಇದೇ ಭಯದ ಮೇಲೆ. ಅಪ್ಪ ಹೇಳದ್ದನ್ನು ಆ ಗೋಡೆ ಹೇಳುತ್ತದೆ, ಈಗ ಅದರ ಜಾಗಕ್ಕೆ ಮೊಬೈಲಿನ ಅಶ್ಲೀಲ ವಿಡಿಯೋ ಬಂದಿದೆ. ಹೆಣ್ಣಿನ ಮೈ ಎಂದರೇನು, ಒಪ್ಪಿಗೆ ಎಂದರೇನು ಎಂಬುದನ್ನು ಹುಡುಗರು ಅಲ್ಲಿಂದ ಕಲಿಯುತ್ತಿದ್ದಾರೆ. ನಾವು ಬಾಯಿ ಮುಚ್ಚಿಕೊಂಡಿರುವುದು ಸಭ್ಯತೆಯಲ್ಲ, ಮಗುವನ್ನು ಕೈಬಿಡುವುದು.

ಮನಸ್ಸಿನ ಕಡೆಗೆ ಬರುತ್ತೇನೆ. ಎಂಟು ಒಂಬತ್ತು ವರ್ಷದ ಹೊತ್ತಿಗೇ ಮಿದುಳಿನ ಗಾತ್ರ ಬಹುಮಟ್ಟಿಗೆ ದೊಡ್ಡವರಷ್ಟೇ ಆಗಿರುತ್ತದೆ. ಆಮೇಲೆ ನಡೆಯುವುದು ಒಳಗಿನ ಕೆಲಸ. ನರಕೋಶಗಳ ನಡುವಿನ ಜೋಡಣೆಗಳು ಬಾಲ್ಯದಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿರುತ್ತವೆ ಎಂದು ಪೀಟರ್ ಹಟನ್‌ಲಾಕರ್ 1979ರಲ್ಲಿ ತೋರಿಸಿದರು. ರಾಗಿ ಹೊಲದಲ್ಲಿ ಕುಂಟೆ ಹೊಡೆದು ಒತ್ತಾದ ಪೈರನ್ನು ತೆಳುವು ಮಾಡುವಂತೆ, ಹದಿಹರೆಯದಲ್ಲಿ ಬಳಕೆಯಾಗದ ಜೋಡಣೆಗಳು ಹೋಗಿ ಬಳಕೆಯಾದವು ಗಟ್ಟಿಯಾಗುತ್ತವೆ. ಅಮೆರಿಕದ ಜೇ ಗೀಡ್ ಮತ್ತು ಸಂಗಡಿಗರು ಅದೇ ಮಕ್ಕಳ ಮಿದುಳನ್ನು ಎಂ.ಆರ್.ಐ.ಯಲ್ಲಿ ಮತ್ತೆ ಮತ್ತೆ ನೋಡಿ 1999ರಲ್ಲಿ ಇದರ ಚಿತ್ರ ಕೊಟ್ಟರು. ಮುಂದಾಲೋಚನೆಗೆ, ತಡೆದುಕೊಳ್ಳುವುದಕ್ಕೆ ಬೇಕಾದ ಹಣೆಯ ಹಿಂಭಾಗದ ಮಿದುಳು ಕೊನೆಗೆ ಪಕ್ವವಾಗುತ್ತದೆ, ಇಪ್ಪತ್ತು ದಾಟಿದ ಮೇಲೂ.

ಇದನ್ನೇ ಹಿಡಿದು ‘ಈ ವಯಸ್ಸಿನವರಿಗೆ ಬುದ್ಧಿಯೇ ಇಲ್ಲ’ ಎನ್ನುವವರಿದ್ದಾರೆ. ಅದು ತಪ್ಪು. ಸಮಾಧಾನವಾಗಿ ಕೂತು ಯೋಚಿಸುವಾಗ ಹದಿನಾರು ವರ್ಷದವರು ದೊಡ್ಡವರಷ್ಟೇ ಚೆನ್ನಾಗಿ ತರ್ಕಿಸಬಲ್ಲರು. ತೊಡಕು ಬರುವುದು ಗೆಳೆಯರು ನೋಡುತ್ತಿರುವಾಗ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟವಾಡಿಸಿದರು. ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಸುಮಾರು ಇಮ್ಮಡಿಯಾಯಿತು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ವಿಧೇಯನಾದ ಮಗ ಮೂವರನ್ನು ಕೂರಿಸಿಕೊಂಡು ಬೈಕಿನಲ್ಲಿ ಹಾರುವುದಕ್ಕೆ ಇದೊಂದು ಕಾರಣ. ‘ನನ್ನ ಮಗ ಅಂಥವನಲ್ಲ’ ಎನ್ನುವ ಅಪ್ಪ ಸುಳ್ಳು ಹೇಳುತ್ತಿಲ್ಲ, ಅವರು ನೋಡಿರುವುದು ಒಂಟಿಯಾಗಿರುವ ಮಗನನ್ನು. ಬೈಕಿನ ಕೀಲಿ ಅವರ ಕೈಯಲ್ಲೇ ಇರಲಿ.

ಗೆಳೆಯರ ಕಣ್ಣು ಅಷ್ಟು ಮುಖ್ಯವಾದ ವಯಸ್ಸಿನಲ್ಲಿ, ಮೊದಲು ಹೇಳಿದ ಆ ಅಂತರ ಎಷ್ಟು ಚುಚ್ಚುತ್ತದೆ ಯೋಚಿಸಿ. ಬೇಗ ಬೆಳೆದ ಹುಡುಗಿಯನ್ನು ಅವಳ ಮನಸ್ಸಿನ ವಯಸ್ಸಿಗಿಂತ ದೊಡ್ಡವಳೆಂದು ನೋಡುತ್ತಾರೆ. ಬೀದಿಯ ಕಣ್ಣುಗಳೂ, ಮನೆಯ ಕಟ್ಟುಪಾಡುಗಳೂ ಒಟ್ಟಿಗೆ ಅವಳ ಮೇಲೆ ಬೀಳುತ್ತವೆ. ಹನ್ನೊಂದು ವರ್ಷದ ಆ ಮಗುವಿಗೆ ಇನ್ನೂ ಕುಂಟೆಬಿಲ್ಲೆ ಆಡುವ ಆಸೆ. ತಡವಾಗಿ ಬೆಳೆಯುವ ಹುಡುಗನಿಗೆ ‘ಗಿಡ್ಡ’ ಎಂಬ ಅಡ್ಡಹೆಸರು ಬೀಳುತ್ತದೆ. ಅದನ್ನು ಮೇಷ್ಟ್ರೂ ಬಳಸಿದರೆ ಅವನಿಗೆ ಶಾಲೆಯೇ ಬೇಡವಾಗುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಬೇಕಾಗುವಂಥ ತೊಂದರೆ ಕಂಡಿತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು.

ಈಗ ನಿದ್ದೆ. ಪ್ರಾಯಕ್ಕೆ ಬಂದಾಗ ದೇಹದೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ; ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಮೇರಿ ಕಾರ್ಸ್ಕಡನ್ ಮತ್ತಿತರರ ದಶಕಗಳ ಸಂಶೋಧನೆ ಇದನ್ನು ಖಚಿತಪಡಿಸಿದೆ. ಈ ವಯಸ್ಸಿಗೆ ಬೇಕಾದ ನಿದ್ದೆ ಎಂಟರಿಂದ ಹತ್ತು ಗಂಟೆ. ಹತ್ತಕ್ಕೆ ಮಲಗು ಎಂದರೆ ನಿದ್ದೆ ಬರುವುದಿಲ್ಲ, ಕೈಯಲ್ಲಿ ಮೊಬೈಲಿದ್ದರೆ ಇನ್ನೂ ತಡ. ಆದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬಂತೆಂದರೆ ನಸುಕಿನ ಟ್ಯೂಷನ್, ಮೇಷ್ಟ್ರೇ ಫೋನ್ ಮಾಡಿ ಎಬ್ಬಿಸುವ ಯೋಜನೆ, ಪಿಯುಸಿ ವಸತಿ ಕಾಲೇಜುಗಳಲ್ಲಿ ರಾತ್ರಿ ಹನ್ನೊಂದರವರೆಗೆ ಓದು. ಬೆಳಗಿನ ಜಾವ ಎದ್ದು ಓದಿದ್ದು ತಲೆಗೆ ಹತ್ತುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಎಂಟಕ್ಕೇ ಮಲಗುತ್ತಿದ್ದ, ಕರೆಂಟಿಲ್ಲದ ಮನೆಗಳಲ್ಲಿ ಅದು ನಿಜವೂ ಆಗಿತ್ತು. ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಎದ್ದ ಮಗುವಿಗೆ ಉಳಿಯುವುದು ಐದು ಗಂಟೆ ನಿದ್ದೆ. ಹಗಲು ಕಲಿತದ್ದು ನೆನಪಾಗಿ ಕೂರುವುದು, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ನಿದ್ದೆಯಲ್ಲೇ. ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಬಹುಮಟ್ಟಿಗೆ ಕಾನೂನು. ಮಕ್ಕಳನ್ನು ಗೆಲ್ಲಿಸಬೇಕೆಂಬ ಕಾಳಜಿಯಿಂದಲೇ ಫೋನ್ ಮಾಡುವ ಶಿಕ್ಷಕರ ಬಗ್ಗೆ ನನಗೆ ಗೌರವವಿದೆ. ಅವರಲ್ಲಿ ಕೈಮುಗಿದು ಕೇಳುತ್ತೇನೆ: ಆ ಕರೆಯನ್ನು ರಾತ್ರಿ ಹತ್ತಕ್ಕೆ ಮಾಡಿ, ಮೊಬೈಲು ಅಮ್ಮನ ಕೈಗೆ ಕೊಟ್ಟು ಮಲಗು ಎಂದು ಹೇಳುವುದಕ್ಕೆ.

ಇದನ್ನೆಲ್ಲ ಶಾಲೆಯಲ್ಲಿ ಹೇಳಿಕೊಡುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮ 2007ರಲ್ಲಿ ಹಲವು ರಾಜ್ಯಗಳಲ್ಲಿ ವಿರೋಧಕ್ಕೆ ಸಿಕ್ಕಿ ನಿಂತಿತು, ಕರ್ನಾಟಕವೂ ಅವುಗಳಲ್ಲಿ ಒಂದು. ಸಂತಾನೋತ್ಪತ್ತಿಯ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವ ತರಗತಿಗಳು ಇಂದಿಗೂ ಇವೆ. ಈ ದತ್ತಿಯನ್ನಿಟ್ಟ ತಾಯಿ ವಿಜ್ಞಾನದ ಶಿಕ್ಷಕಿಯಾಗಿದ್ದರು, ಆ ಪುಟವನ್ನು ಮಗುಚದೆ ಕಲಿಸಿದವರು ಎಂದು ಅವರ ವಿದ್ಯಾರ್ಥಿಗಳು ಹೇಳಿದರು. ಕನ್ನಡದಲ್ಲಿ ವೈದ್ಯೆ ಅನುಪಮಾ ನಿರಂಜನ ಅವರು ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಬರೆದು ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಧೈರ್ಯ ಕೊಟ್ಟರು. ಮದುವೆಯ ಹೊಸ್ತಿಲಲ್ಲಿ ಸಿಕ್ಕ ಆ ತಿಳಿವಳಿಕೆ ಈಗ ಐದನೇ ತರಗತಿಯ ಹೊಸ್ತಿಲಲ್ಲಿ, ಹುಡುಗರಿಗೂ ಹುಡುಗಿಯರಿಗೂ ಸಿಗಬೇಕು.

ಕೊನೆಗೆ ತಂದೆತಾಯಿಯರಿಗೆ ಕೆಲವು ಗುರುತುಗಳು. ಹುಡುಗಿಗೆ ಎಂಟು ತುಂಬುವ ಮೊದಲೇ ಎದೆ ಮೂಡಿದರೆ, ಹದಿಮೂರಾದರೂ ಮೂಡದಿದ್ದರೆ, ಹದಿನೈದಾದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ. ಹುಡುಗನಿಗೆ ಒಂಬತ್ತರೊಳಗೇ ಪ್ರಾಯದ ಲಕ್ಷಣ ಕಂಡರೂ, ಹದಿನಾಲ್ಕಾದರೂ ಕಾಣದಿದ್ದರೂ ಹಾಗೆಯೇ. ಈ ಗೆರೆಗಳ ನಡುವೆ ಎಲ್ಲಿದ್ದರೂ ನಿಮ್ಮ ಮಗು ತನ್ನ ವೇಳೆಗೆ ಸರಿಯಾಗಿಯೇ ಇದೆ. ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಗೆಳೆಯರನ್ನು ಬಿಟ್ಟು ಒಂಟಿಯಾದರೆ, ಸಾಯುವ ಮಾತಾಡಿದರೆ ‘ಈ ವಯಸ್ಸೇ ಹಾಗೆ’ ಎಂದು ಸುಮ್ಮನಾಗಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ, ಈ ಸಂಖ್ಯೆಯನ್ನು ನೀವೂ ಬರೆದುಕೊಳ್ಳಿ.

ಪ್ರಶ್ನೆಗಳಿಗೆ ಸಮಯವಿದೆ. ದೊಡ್ಡವರು ಸ್ವಲ್ಪ ಕಾಯಿರಿ, ಮಕ್ಕಳದ್ದು ಮೊದಲು. ಸ್ವಯಂಸೇವಕರು ಚೀಟಿ ಹಂಚುತ್ತಾರೆ. ಹೆಸರು, ತರಗತಿ ಬರೆಯಬೇಡಿ. ಕೇಳುವುದು ಏನೂ ಇಲ್ಲದವರು ಖಾಲಿ ಚೀಟಿಯನ್ನೇ ಮಡಚಿ ಹಾಕಿ, ಆಗ ಬರೆದವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಬಂದ ಒಂದೊಂದು ಪ್ರಶ್ನೆಗೂ ಉತ್ತರ ಹೇಳಿಯೇ ನಾನು ವೇದಿಕೆಯಿಂದ ಇಳಿಯುತ್ತೇನೆ.